ಚಳಿಗೆ ಮುಚ್ಚಿದ ಕಿಟಕಿ, ಒಳಗೆ ಉಳಿದ ಗಾಳಿ



ಡಿಸೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ನಡೆಯುವ ಕೆಲಸ ಯಾವುದು? ಪೆಟ್ಟಿಗೆಯಿಂದ ಕಂಬಳಿ ತೆಗೆಯುವುದು, ಕಿಟಕಿಗಳನ್ನು ಮುಚ್ಚುವುದು. ಸಂಜೆ ಸೊಳ್ಳೆ ಬರುತ್ತದೆಂದು ಮುಚ್ಚಿದ ಕಿಟಕಿಯನ್ನು ರಾತ್ರಿ ಚಳಿಯೆಂದು ತೆರೆಯುವುದೇ ಇಲ್ಲ. ಬಾಗಿಲ ಕೆಳಗಿನ ಸಂದಿಗೂ ಹಳೆಯ ಬಟ್ಟೆ ತುರುಕಿ ಮಲಗುವವರಿದ್ದಾರೆ. ಬೆಳಿಗ್ಗೆ ಎದ್ದು ಅಂಗಳಕ್ಕೆ ಹೋಗಿ, ಐದು ನಿಮಿಷ ಬಿಟ್ಟು ಮತ್ತೆ ಅದೇ ಕೋಣೆಯೊಳಗೆ ಕಾಲಿಡಿ. ಒಂದು ಬಗೆಯ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ರಾತ್ರಿಯಿಡೀ ನೀವು ಉಸಿರಾಡಿದ್ದು ಆ ಗಾಳಿಯನ್ನೇ.

ಬೆಚ್ಚಗಿರುವ ಗಾಳಿಯೆಲ್ಲ ಒಳ್ಳೆಯ ಗಾಳಿಯಲ್ಲ. ಚಳಿಯನ್ನು ಹೊರಗಿಡುವ ಭರದಲ್ಲಿ ನಾವು ಒಳಗೆ ಏನನ್ನು ಕೂಡಿಹಾಕುತ್ತಿದ್ದೇವೆ ಎಂಬುದನ್ನು ಈಗ ನೋಡೋಣ.

ಒಂದು ಕೋಣೆಯ ಲೆಕ್ಕ

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆಯನ್ನು ತೆಗೆದುಕೊಳ್ಳಿ. ಅದರಲ್ಲಿ 1,000 ಘನ ಅಡಿ, ಎಂದರೆ ಸುಮಾರು 28,000 ಲೀಟರ್ ಗಾಳಿ ಇರುತ್ತದೆ. ಅಲ್ಲಿ ನಾಲ್ಕು ಜನ ಮಲಗಿದ್ದಾರೆ ಎನ್ನೋಣ. ಮಲಗಿರುವ ಒಬ್ಬ ವಯಸ್ಕ ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ನಾಲ್ವರಿಗೆ 48 ಲೀಟರ್.

ಹೊರಗಿನ ಗಾಳಿಯಲ್ಲಿ ಈ ಅನಿಲ ಇರುವುದು ಶೇಕಡಾ 0.04ರಷ್ಟು ಮಾತ್ರ. ಜರ್ಮನಿಯ ಮ್ಯೂನಿಕ್ ನಗರದ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿಯೇ ಮನೆಯೊಳಗಿನ ಗಾಳಿಗೆ ಒಂದು ಅಳತೆಗೋಲು ಕೊಟ್ಟರು. ಇಂಗಾಲದ ಡೈಆಕ್ಸೈಡ್ ಶೇಕಡಾ 0.1ನ್ನು ದಾಟಿದರೆ ಆ ಕೋಣೆಗೆ ಹೊಸ ಗಾಳಿ ಸಾಲದು ಎಂದು ತಿಳಿಯಬೇಕು. ನಮ್ಮ ಕೋಣೆಯಲ್ಲಿ ಒಂದು ಸಂದಿಯೂ ಇಲ್ಲದಿದ್ದರೆ ಅರ್ಧ ಗಂಟೆಯೊಳಗೇ ಈ ಮಿತಿ ದಾಟುತ್ತದೆ. ಲೆಕ್ಕ ಮಾಡಿ ನೋಡಿ.

ಇಷ್ಟು ಪ್ರಮಾಣದ ಇಂಗಾಲದ ಡೈಆಕ್ಸೈಡ್ ವಿಷವಲ್ಲ. ಅದು ಒಂದು ಸೂಚನೆ ಅಷ್ಟೆ. ಗಾಳಿ ಬದಲಾಗುತ್ತಿಲ್ಲ ಎಂದಾದರೆ ನಾಲ್ವರ ಉಸಿರಿನ ತೇವ, ಮೈಯ ವಾಸನೆ, ಒಬ್ಬರಿಗೆ ನೆಗಡಿಯೋ ಕೆಮ್ಮೋ ಇದ್ದರೆ ಅದರ ರೋಗಾಣು, ಎಲ್ಲವೂ ಅಲ್ಲಿಯೇ ಸುತ್ತುತ್ತಿರುತ್ತವೆ. ಚಳಿಗಾಲದಲ್ಲಿ ಮನೆಯ ಒಬ್ಬರಿಗೆ ಬಂದ ನೆಗಡಿ ವಾರದೊಳಗೆ ಎಲ್ಲರಿಗೂ ಹರಡುವುದಕ್ಕೆ ಇದೂ ಒಂದು ಕಾರಣ.

ಹಳೆಯ ಮನೆ ತಾನೇ ಉಸಿರಾಡುತ್ತಿತ್ತು

ನಮ್ಮ ಅಜ್ಜ ಅಜ್ಜಿಯರೂ ಚಳಿಗೆ ಕಿಟಕಿ ಮುಚ್ಚುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಮುಚ್ಚುತ್ತಿದ್ದರು. ಆದರೆ ಮಲೆನಾಡಿನ ಹೆಂಚಿನ ಮನೆಯನ್ನು ಒಮ್ಮೆ ತಲೆಯೆತ್ತಿ ನೋಡಿ. ಹೆಂಚು ಹೆಂಚಿನ ನಡುವೆ ಸಂದಿ, ಗೋಡೆ ಮತ್ತು ಮಾಡಿನ ನಡುವೆ ಬಯಲು, ಅಡುಗೆಮನೆಯ ಮೇಲೆ ಹೊಗೆ ಹೋಗಲು ದಾರಿ. ಬಿಸಿಗಾಳಿ ಹಗುರ. ಅದು ಮೇಲೇರಿ ಆ ಸಂದಿಗಳಿಂದ ಹೊರಹೋದಂತೆ ಕೆಳಗಿನಿಂದ ಹೊಸ ಗಾಳಿ ಒಳಗೆ ಬರುತ್ತಿತ್ತು.

ಇಂದಿನ ಮನೆಗೆ ತಾರಸಿಯಿದೆ, ಗಾಜಿನ ಜಾರುಕಿಟಕಿಯಿದೆ. ಅನೇಕ ಮನೆಗಳಲ್ಲಿ ಗೋಡೆಯ ಮೇಲ್ಭಾಗದ ಬೆಳಕಿಂಡಿಯೂ ಇಲ್ಲ. ಹಳೆಯ ಮನೆ ತಾನೇ ಉಸಿರಾಡುತ್ತಿತ್ತು. ಹೊಸ ಮನೆಗೆ ನಾವು ಉಸಿರಾಡಿಸಬೇಕು. ಮನೆ ಬದಲಾದರೂ ಹಳೆಯ ಅಭ್ಯಾಸಗಳು ಬದಲಾಗಲಿಲ್ಲ. ಅಪಾಯವಿರುವುದು ಇಲ್ಲಿಯೇ.

ಹೊಗೆಯಿಲ್ಲದ ಕೆಂಡ, ವಾಸನೆಯಿಲ್ಲದ ವಿಷ

ಚಳಿ ಕಾಯಿಸಲು ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಕೆಂಡ ಹಾಕಿ ಮಲಗುವ ಕೋಣೆಗೆ ತರುವುದು, ಬಾಣಂತಿಯ ಮಂಚದ ಬಳಿ ಕೆಂಡ ಇಡುವುದು ಹಲವು ಕಡೆ ಇನ್ನೂ ಉಂಟು. 'ಹೊಗೆಯೆಲ್ಲ ಹೋಗಿ ಕೆಂಡವಾಗಿದೆ, ಇನ್ನೇನೂ ಭಯವಿಲ್ಲ' ಎನ್ನುತ್ತಾರೆ. ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ.

ಇಂಗಾಲಕ್ಕೆ ಸಾಕಷ್ಟು ಆಮ್ಲಜನಕ ಸಿಕ್ಕಿದರೆ ಅದು ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆಮ್ಲಜನಕ ಸಾಲದಿದ್ದರೆ ಅರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಎದೆಯ ತುಂಬ ಉಸಿರೆಳೆದುಕೊಂಡರೂ ಆಮ್ಲಜನಕ ಮೆದುಳನ್ನು ತಲುಪುವುದಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು.

ಈ ಅನಿಲವನ್ನು ಆಳವಾಗಿ ಅಭ್ಯಾಸ ಮಾಡಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಅವರು ತಾವೇ ಅದನ್ನು ಉಸಿರಾಡಿ, ದೇಹದಲ್ಲಿ ಏನಾಗುತ್ತದೆಂದು ಬರೆದಿಟ್ಟು 1895ರಲ್ಲಿ ಪ್ರಕಟಿಸಿದರು. ಗಣಿಗಳಲ್ಲಿ ಪುಟ್ಟ ಕೆನರಿ ಹಕ್ಕಿಗಳನ್ನು ಇಟ್ಟುಕೊಳ್ಳುವ ಪದ್ಧತಿ ಬಂದದ್ದು ಅವರ ಸಲಹೆಯಿಂದ. ಮನುಷ್ಯನಿಗಿಂತ ಮೊದಲು ಹಕ್ಕಿಗೆ ತಲೆಸುತ್ತು ಬರುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಈ ಹಕ್ಕಿಗಳಿದ್ದವು. ಇವರ ಮಗ ಜೆ.ಬಿ.ಎಸ್. ಹಾಲ್ಡೇನ್ ಪ್ರಸಿದ್ಧ ಜೀವವಿಜ್ಞಾನಿ. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಬಚ್ಚಲುಮನೆಯ ಗ್ಯಾಸ್ ಗೀಸರ್

ಪಟ್ಟಣಗಳಲ್ಲಿ ಕೆಂಡದ ಜಾಗಕ್ಕೆ ಗ್ಯಾಸ್ ಗೀಸರ್ ಬಂದಿದೆ. ಧನುರ್ಮಾಸದ ಬೆಳಗಿನ ಜಾವ ಬಚ್ಚಲಿನ ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿ ಬಿಸಿನೀರು ಬಿಟ್ಟುಕೊಂಡರೆ ಹಿತವೇ. ಆದರೆ ಇನ್ನೊಂದು ಲೆಕ್ಕ ನೋಡಿ.

ಒಂದು ಕಿಲೋ ಅಡುಗೆ ಅನಿಲ ಸರಿಯಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಐದು ಅಡಿ ಉದ್ದ, ನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿ ಇರುವುದು ಸುಮಾರು ಐದು ಕಿಲೋ ಗಾಳಿ. ಅದೇ ಗಾಳಿಯಲ್ಲಿ ಸ್ನಾನ ಮಾಡುವವರೂ ಉಸಿರಾಡಬೇಕು. ಗಾಳಿ ಮುಗಿಯುವುದಕ್ಕೆ ಬಹಳ ಮೊದಲೇ ಉರಿ ಕೆಟ್ಟು, ನೀಲಿ ಹೋಗಿ ಹಳದಿಯಾಗಿ ಕಾರ್ಬನ್ ಮಾನಾಕ್ಸೈಡ್ ತುಂಬತೊಡಗುತ್ತದೆ. 'ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ' ಎಂಬ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಅದರ ಹಿಂದೆ ಅನೇಕ ಸಲ ಇರುವುದು ಇಷ್ಟೇ ಕಥೆ.

ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಕೂಡಿಸಿ, ನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರುವಂತೆ ಮಾಡುವುದು ಸರಿಯಾದ ಕ್ರಮ. ಈಗಾಗಲೇ ಒಳಗೆ ಇದ್ದರೆ, ಹೊರಗೆ ಸ್ಥಳಾಂತರಿಸುವವರೆಗೆ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು, ಗೀಸರ್ ಆರಿಸಿ, ಕಿಟಕಿ ತೆರೆದು ಗಾಳಿಯಾಡಿಸಿದ ಮೇಲೆಯೇ ಸ್ನಾನಕ್ಕೆ ಹೋಗಬೇಕು.

ಕಣ್ಣಿಗೆ ಕಾಣುವ ಹೊಗೆ

ಕಟ್ಟಿಗೆ ಒಲೆ, ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ, ಸಿಗರೇಟು ಬೀಡಿಗಳ ಹೊಗೆಯಲ್ಲಿ ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣ ಕಣಗಳಿರುತ್ತವೆ. ಮೂಗು ಅವನ್ನು ತಡೆಯಲಾರದು. ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದಾಗ ಹೊರಡುವ ಸೂಕ್ಷ್ಮಕಣಗಳು 75ರಿಂದ 137 ಸಿಗರೇಟುಗಳ ಕಣಗಳಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಮುಚ್ಚಿದ ಕೋಣೆಯಲ್ಲಿ ಮಗುವಿನ ತಲೆದೆಸೆಗೆ ಅದನ್ನು ಹಚ್ಚಿಡುವ ಬದಲು ಸೊಳ್ಳೆಪರದೆ ಕಟ್ಟುವುದು ಮೇಲು.

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಹೆಚ್ಚು ಹೊತ್ತು ಕಳೆಯುವ ತಾಯಂದಿರು ಮತ್ತು ಅವರ ಕಂಕುಳಲ್ಲಿರುವ ಮಕ್ಕಳಿಗೆ ಇದರ ಹೊಡೆತ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗ ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಪರಿಚಿತ. ಅದು ಕಟ್ಟಿಗೆಯನ್ನೂ ಉಳಿಸಿತು, ಹೊಗೆಯನ್ನು ಕೊಳವೆಯ ಮೂಲಕ ಮನೆಯ ಹೊರಗೂ ಕಳಿಸಿತು. ಕಟ್ಟಿಗೆ ಉರಿಸಲೇಬೇಕಾದ ಮನೆಯಲ್ಲಿ ಇಂತಹ ಹೊಗೆಕೊಳವೆ ಕಟ್ಟದಂತೆ ಆಗಾಗ ಮಸಿ ತೆಗೆಯುತ್ತಿರಬೇಕು.

ಕಿಟಕಿ ತೆರೆದರೆ ಮನೆ ತಣ್ಣಗಾಗದೇ?

ಇದು ಎಲ್ಲರ ಮನೆಯಲ್ಲೂ ಬರುವ ಆಕ್ಷೇಪಣೆ. ಇದಕ್ಕೆ ನಿಮ್ಮ ಭೌತಶಾಸ್ತ್ರವೇ ಉತ್ತರ ಹೇಳುತ್ತದೆ. ನಮ್ಮ ಹತ್ತಡಿ ಕೋಣೆಯ ಗಾಳಿಯ ತೂಕ ಸುಮಾರು 30 ಕಿಲೋ. ಅಷ್ಟು ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ, ಹನ್ನೆರಡು ಇಟ್ಟಿಗೆಗಳನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದಷ್ಟೇ. ಅದೇ ಕೋಣೆಯ ಗೋಡೆಗಳಲ್ಲಿ ಸಾವಿರಾರು ಇಟ್ಟಿಗೆಗಳಿವೆ! ಮನೆಯ ಬಿಸಿಯೆಲ್ಲ ಗೋಡೆ, ನೆಲ, ತಾರಸಿಯಲ್ಲಿದೆ. ಹತ್ತು ನಿಮಿಷ ಕಿಟಕಿ ತೆರೆದರೆ ಹೊರಹೋಗುವುದು ಹನ್ನೆರಡು ಇಟ್ಟಿಗೆಗಳಷ್ಟು ಬಿಸಿ. ಕಿಟಕಿ ಮುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಗೋಡೆಗಳು ಹೊಸ ಗಾಳಿಯನ್ನು ಬೆಚ್ಚಗೆ ಮಾಡುತ್ತವೆ.

ತೆರೆಯುವ ಹೊತ್ತನ್ನು ಮಾತ್ರ ನೋಡಿಕೊಳ್ಳಿ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ನಿಲ್ಲುತ್ತದೆ. ಬೀದಿಯಲ್ಲಿ ಕಸ, ತರಗೆಲೆ ಸುಟ್ಟ ಹೊಗೆ ಮೇಲೇರಲಾರದೆ ನೆಲದ ಬಳಿಯೇ ಹರಡಿಕೊಳ್ಳುತ್ತದೆ. ಆದ್ದರಿಂದ ಹೊರಗೆ ಹೊಗೆ ಕವಿದಿದ್ದರೆ ಬಿಸಿಲೇರಿದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ಆದರೆ ಒಳಗೆ ಒಲೆಯೋ ಗ್ಯಾಸೋ ಉರಿಯುತ್ತಿದ್ದರೆ ಹೊತ್ತು ನೋಡುವ ಪ್ರಶ್ನೆಯೇ ಇಲ್ಲ. ಕಿಟಕಿ ತೆರೆದೇ ಇರಬೇಕು.

ನೆನಪಿಡಬೇಕಾದ ಮಾತುಗಳು

1. ಮಲಗುವ ಕೋಣೆಯಲ್ಲಿ ಕೆಂಡ ಬೇಡ. ಬೆಚ್ಚಗಿರಲು ಕಂಬಳಿ, ಸ್ವೆಟರ್, ಕಾಲುಚೀಲ ಸಾಕು.

2. ರಾತ್ರಿ ಒಂದು ಕಿಟಕಿಯನ್ನಾದರೂ ನಾಲ್ಕು ಬೆರಳಷ್ಟು ತೆರೆದಿಡಿ.

3. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ. ತೇವ ಹೆಚ್ಚಿ ಗೋಡೆಗೆ ಬೂಸ್ಟು ಹಿಡಿಯುತ್ತದೆ. ಉಬ್ಬಸ ಇರುವವರಿಗೆ ಅದು ಶತ್ರು.

4. ಹಾಸಿಗೆ, ಕಂಬಳಿಗಳನ್ನು ಆಗಾಗ ಚೆನ್ನಾಗಿ ಬಿಸಿಲಿಗೆ ಹಾಕಿ, ಹೊರಗೆ ಕೊಡವಿ.

5. ಮುಚ್ಚಿದ ಮನೆಯಲ್ಲಿ ಏನಾದರೂ ಉರಿಯುತ್ತಿರುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ, ಅದರಲ್ಲೂ ಒಟ್ಟಿಗೆ ಇಬ್ಬರು ಮೂವರಿಗೆ ಬಂದರೆ, ತಕ್ಷಣ ಎಲ್ಲರೂ ಹೊರಗೆ ಬನ್ನಿ.

6. ಯಾರಾದರೂ ಒಳಗೆ ಪ್ರಜ್ಞೆ ತಪ್ಪಿದ್ದರೆ ಬಾಗಿಲು ಕಿಟಕಿಗಳನ್ನು ಪೂರ್ತಿ ತೆರೆಯದೆ ಒಳಗೆ ನುಗ್ಗಬೇಡಿ. ಕಾಪಾಡಲು ಹೋದವರೂ ಬೀಳುತ್ತಾರೆ. ಗ್ಯಾಸ್ ಆರಿಸಿ, ಅವರನ್ನು ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ. ಏನು ಉರಿಯುತ್ತಿತ್ತೆಂದು ವೈದ್ಯರಿಗೆ ತಿಳಿಸಿ.

ನೀವೇ ಮಾಡಿ ನೋಡಿ

ನಿಮ್ಮ ಕೋಣೆಯ ಉದ್ದ, ಅಗಲ, ಎತ್ತರ ಅಳೆದು ಅಲ್ಲಿರುವ ಗಾಳಿ ಎಷ್ಟು ಲೀಟರ್ ಎಂದು ಲೆಕ್ಕ ಹಾಕಿ. ಎಷ್ಟು ಜನ ಮಲಗುತ್ತೀರಿ, ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ ಎಂದು ಒಂದು ಚಿತ್ರ ಬರೆಯಿರಿ. ಬಚ್ಚಲಿನ ಗೀಸರ್ ಎಲ್ಲಿದೆ ಎಂಬುದನ್ನೂ ಗುರುತಿಸಿ. ಆ ಚಿತ್ರವನ್ನು ಮನೆಯ ಹಿರಿಯರಿಗೆ ತೋರಿಸಿ, ಹನ್ನೆರಡು ಇಟ್ಟಿಗೆಯ ಲೆಕ್ಕವನ್ನು ಅವರಿಗೆ ವಿವರಿಸಿ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎನ್ನುತ್ತಾರೆ. ಅಲ್ಲಿಯವರೆಗೆ ಕಾಯಬೇಡಿ. ಆ ಕಿಟಕಿಯನ್ನು ಇಂದು ರಾತ್ರಿಯೇ ನಾಲ್ಕು ಬೆರಳು ತೆರೆಯಿರಿ.