ಅಂಗಾಲಿನ ಸುದ್ದಿ ತರುವ ನರಗಳು

ಊಟದ ಪಂಕ್ತಿಯಲ್ಲಿ ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತು ಎದ್ದಾಗ ಕಾಲು ಜೋಮು ಹಿಡಿದು, ನೆಲ ಮುಟ್ಟಿದುದೇ ತಿಳಿಯದಂತಾಗುವುದು ನಮ್ಮೆಲ್ಲರ ಅನುಭವ. ಒತ್ತಡಕ್ಕೆ ಸಿಕ್ಕಿದ ನರವು ಸ್ವಲ್ಪ ಕಾಲ ಸುದ್ದಿ ಸಾಗಿಸದೆ ಹೋಗುವುದೇ ಇದಕ್ಕೆ ಕಾರಣ. ಕಾಲಿನ ನರಗಳು ಯಾವ ಹಾದಿಯಲ್ಲಿ ಸಾಗುತ್ತವೆಂಬುದನ್ನು ನೋಡೋಣ.

ಬೆನ್ನುಹುರಿಯ ಕೆಳಭಾಗದಿಂದ ಹೊರಡುವ ಐದು ನರಮೂಲಗಳ ಎಳೆಗಳು ಕೂಡಿ ಸಯಾಟಿಕ್ ನರವಾಗುತ್ತದೆ. ದೇಹದ ನರಗಳಲ್ಲೆಲ್ಲ ಇದೇ ಅತ್ಯಂತ ದಪ್ಪನಾದುದು. ತೊಡೆಯ ಹಿಂಭಾಗದಲ್ಲಿ ಇಳಿಯುವ ಇದು ಸಾಮಾನ್ಯವಾಗಿ ಮೊಣಕಾಲಿಗಿಂತ ಕೊಂಚ ಮೇಲೆ ಎರಡಾಗಿ ಕವಲೊಡೆಯುತ್ತದೆ.

ಮೊದಲನೆಯ ಕವಲು ಟಿಬಿಯಲ್ ನರ. ಇದು ಮೀನಖಂಡದ ಆಳದಲ್ಲಿ ಇಳಿದು, ಒಳಮಗ್ಗುಲ ಹರಡಿನ ಗಂಟಿನ ಹಿಂದೆ ಬಾಗಿ ಅಂಗಾಲನ್ನು ಸೇರುತ್ತದೆ. ನಾವು ತುದಿಗಾಲಲ್ಲಿ ನಿಲ್ಲುವುದು ಇದರ ಆಜ್ಞೆಯಿಂದ; ಮುಳ್ಳು ಚುಚ್ಚಿದುದನ್ನು ಅಂಗಾಲಿನಿಂದ ಮಿದುಳಿಗೆ ತಿಳಿಸುವುದೂ ಬಹುಮಟ್ಟಿಗೆ ಇದೇ.

ಎರಡನೆಯದು ಪೆರೋನಿಯಲ್ ನರ. ಮೊಣಕಾಲಿನ ಹೊರಮಗ್ಗುಲಲ್ಲಿ ತುಸು ಕೆಳಗೆ ಬೆರಳಿಟ್ಟರೆ ಗುಂಡನೆಯ ಎಲುಬೊಂದು ತಗಲುತ್ತದೆ. ಅದು ಫಿಬುಲಾ ಎಂಬ ಮೂಳೆಯ ತಲೆ. ಅದರ ಕೊರಳನ್ನು ಬಳಸಿಕೊಂಡು ಈ ನರವು ಚರ್ಮಕ್ಕೆ ತೀರ ಸಮೀಪದಲ್ಲಿ ಮುಂದಕ್ಕೆ ಬರುತ್ತದೆ. ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳು ಇದರ ಅಧೀನ. ಇಲ್ಲಿ ಬಲವಾದ ಪೆಟ್ಟು ಬಿದ್ದರೆ ಪಾದವು ಜೋತುಬಿದ್ದು, ನಡೆಯುವಾಗ ಬೆರಳುಗಳು ನೆಲವನ್ನು ಉಜ್ಜುತ್ತವೆ.

ಮೊಣಕಾಲಿನಿಂದ ಕೆಳಗೆ ಒಳಮಗ್ಗುಲ ಚರ್ಮದ ಸ್ಪರ್ಶವನ್ನು ಮಾತ್ರ ತೊಡೆಯ ಮುಂಭಾಗದಿಂದ ಬರುವ ಬೇರೊಂದು ನರವು ಒಯ್ಯುತ್ತದೆ.

ನರವು ಚರ್ಮದ ಬಳಿಗೆ ಬರುವ ಈ ಎರಡು ತಾಣಗಳನ್ನೇ, ಎಂದರೆ ಫಿಬುಲಾದ ಕೊರಳನ್ನೂ ಹರಡಿನ ಹಿಂಭಾಗವನ್ನೂ, ಕುಷ್ಠರೋಗವು ಹೆಚ್ಚಾಗಿ ಬಾಧಿಸುತ್ತದೆ. ಇದರ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಕಂಡುಹಿಡಿದನು. ರೋಗಾಣುವೇ ಪಾದವನ್ನು ತಿಂದುಹಾಕುತ್ತದೆಂದು ಜನರು ಬಹುಕಾಲ ನಂಬಿದ್ದರು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಈ ನಂಬಿಕೆಯನ್ನು ಅಲ್ಲಗಳೆದರು. ನೋವೇ ತಿಳಿಯದ ಅಂಗಾಲಿನಲ್ಲಿ ಮುಳ್ಳು ಮುರಿದರೂ ರೋಗಿಯು ನಡೆಯುತ್ತಲೇ ಇರುತ್ತಾನೆ. ಚಿಕ್ಕ ಗಾಯವು ಹುಣ್ಣಾಗಿ ಮೂಳೆಯವರೆಗೂ ಇಳಿಯುತ್ತದೆ. ಅಂಗವಿಕಲತೆಯ ಬಹುಭಾಗ ಬರುವುದು ಹೀಗೆ ಎಂದು ಅವರು ತೋರಿಸಿಕೊಟ್ಟರು.

ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಸೂಚಿಸಿದ ಬಹುಔಷಧ ಚಿಕಿತ್ಸೆಯಿಂದ ಕುಷ್ಠವು ಗುಣವಾಗುತ್ತದೆ. ಆದರೆ ಬಹುಕಾಲ ಕೆಟ್ಟುಹೋದ ನರವು ಮರಳಿ ಚೇತರಿಸಿಕೊಳ್ಳುವುದು ಕಷ್ಟ. ಆದುದರಿಂದ ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡೊಡನೆ ವೈದ್ಯರಿಗೆ ತೋರಿಸಬೇಕು. ಸಿಹಿಮೂತ್ರ ರೋಗದಲ್ಲಿಯೂ ಅಂಗಾಲು ಹೀಗೆಯೇ ಅರಿವುಗೆಡಬಹುದು. ಅಂಥವರು ಪ್ರತಿದಿನವೂ ಅಂಗಾಲನ್ನು ನೋಡಿಕೊಳ್ಳಬೇಕು. ನರವು ಹೇಳಲಾರದುದನ್ನು ಅವರಿಗೆ ಕಣ್ಣೇ ಹೇಳಬೇಕು.