ಎರೆ ಭೂಮಿಯ ರಸ್ತೆ, ಎರಡು ಬೆಳೆಗಳ ಹೊರೆ

ಆಳಂದ, ಅಫಜಲಪುರ, ಜೇವರ್ಗಿ: ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕು ಕೇಂದ್ರಗಳಿಗೂ ರೈಲು ಸಂಪರ್ಕವಿಲ್ಲ. ಗಾಣಗಾಪುರ ರಸ್ತೆ ನಿಲ್ದಾಣ ಇರುವುದೇನೋ ಅಫಜಲಪುರ ತಾಲ್ಲೂಕಿನಲ್ಲಿಯೇ. ಆದರೆ ಅದು ಪಟ್ಟಣಕ್ಕೆ ದೂರ. ಹೀಗಾಗಿ ಭೀಮಾ ಕಣಿವೆಯ ತೊಗರಿ, ಕಬ್ಬು, ಕಡಲೆ, ಜೋಳ ಎಲ್ಲವೂ ರಸ್ತೆಯನ್ನೇ ಅವಲಂಬಿಸಿವೆ. ಆಳಂದ ತಾಲ್ಲೂಕಿನ ಮೂಲಕ ವಾಗ್ದರಿ–ರಿಬ್ಬನಪಲ್ಲಿ ರಾಜ್ಯ ಹೆದ್ದಾರಿ ಹಾದುಹೋಗುತ್ತದೆ. ಜೇವರ್ಗಿಗೆ ರಾಷ್ಟ್ರೀಯ ಹೆದ್ದಾರಿ 50 ಇದೆ. ಈ ಮಾರ್ಗಗಳೆಲ್ಲ ಕಲಬುರಗಿಯತ್ತ ಮುಖ ಮಾಡಿವೆ. ಮೂರು ಪಟ್ಟಣಗಳನ್ನು ಪರಸ್ಪರ ಬೆಸೆಯುವ ಅಡ್ಡರಸ್ತೆಗಳು ಮಾತ್ರ ಇಂದಿಗೂ ಕಿರಿದಾಗಿಯೇ ಉಳಿದಿವೆ.

ಭೌಗೋಳಿಕ ಮಾನ್ಯತೆಯ ಗುರುತನ್ನು 2019ರಲ್ಲಿ ಪಡೆದ ಕಲಬುರಗಿಯ ತೊಗರಿ ಡಿಸೆಂಬರ್–ಜನವರಿಯಲ್ಲಿ ಮಾರುಕಟ್ಟೆಗೆ ಬರಲಾರಂಭಿಸುತ್ತದೆ. ಭೂಸನೂರು, ಹವಳಗಾ, ಚಿಣಮಗೇರಾ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯುವುದೂ ಅದೇ ತಿಂಗಳುಗಳಲ್ಲಿ. ತೊಗರಿ ಒಂದು ವಾರ ಕಾಯಬಲ್ಲದು, ಕಬ್ಬು ಕಾಯದು. ಕಟಾವಾದ 24 ಗಂಟೆಯೊಳಗೆ ಅರೆಯದಿದ್ದರೆ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಆದುದರಿಂದಲೇ ಜೋಡಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಓಡುತ್ತವೆ. ಅವುಗಳ ಹಿಂದೆ ದಾಲ್ ಮಿಲ್‌ಗೆ ಹೊರಟ ಲಾರಿ ತೆವಳುತ್ತದೆ.

ಇನ್ನು ನೆಲದ ಗುಣ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಡಿಪಾಯವನ್ನು ಸುಣ್ಣ ಅಥವಾ ಮೊರಂನಿಂದ ಗಟ್ಟಿಗೊಳಿಸದೆ ಮೇಲೆ ಡಾಂಬರಿನ ತೆಳುಪದರ ಹಾಸುವುದು ಹಣ ಪೋಲು ಮಾಡುವ ಕೆಲಸವೇ ಸರಿ. ನದಿಯದು ಬೇರೆಯೇ ಕಥೆ: 2020ರ ಅಕ್ಟೋಬರ್‌ನಲ್ಲಿ ಭಾರಿ ಮಳೆಯೊಂದಿಗೆ ಮಹಾರಾಷ್ಟ್ರದ ಜಲಾಶಯಗಳ ನೀರೂ ಸೇರಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಹಳ್ಳಿಗಳು ಜಲಾವೃತವಾದವು.

ಆದರೆ ದೋಷವೆಲ್ಲ ಮಣ್ಣಿನದೂ ಗುತ್ತಿಗೆದಾರರದೂ ಎನ್ನುವಂತಿಲ್ಲ. ಅಮೆರಿಕದಲ್ಲಿ 1958–60ರಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಹೊರಬಂದ ಸೂತ್ರವೊಂದನ್ನು ಎಂಜಿನಿಯರುಗಳು ಇಂದಿಗೂ ಅನುಸರಿಸುತ್ತಾರೆ. ಅದರಂತೆ ಅಚ್ಚಿನ ಮೇಲಿನ ಭಾರ ದುಪ್ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು. ಕಾಲುಭಾಗದಷ್ಟೇ ಹೆಚ್ಚು ಹೇರಿದರೂ ಸುಮಾರು ಎರಡೂವರೆ ಪಟ್ಟು. ಕೇಂದ್ರ ಸರ್ಕಾರ 2018ರಲ್ಲಿ ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್‌ನಿಂದ 18.5 ಟನ್‌ಗೆ ಏರಿಸಿತು. ಅದನ್ನೂ ಮೀರಿ ನಾಲ್ಕು ಚೀಲ ಹೆಚ್ಚು ಹೇರಿಸಿ ಬಾಡಿಗೆ ಉಳಿಸಿದೆವೆಂದು ಭಾವಿಸುವ ವರ್ತಕ, ಮುಂದಿನ ಹಂಗಾಮಿನಲ್ಲಿ ಅದನ್ನೇ ಟೈರು, ಪಾಟಾ, ಡೀಸೆಲ್‌ಗಳ ಲೆಕ್ಕದಲ್ಲಿ ಲಾರಿ ಮಾಲೀಕನಿಗೆ ತೆರುತ್ತಾನೆ. ಹೆಚ್ಚು ಹೇರಿದುದು ಯಾರಿಗೂ ತಿಳಿಯದ ಸಂಗತಿಯೇನಲ್ಲ. ಕಾರ್ಖಾನೆಯ ಬಾಗಿಲಲ್ಲಿ ವೇಬ್ರಿಡ್ಜ್ ಇದೆ, ಪ್ರತಿ ವಾಹನಕ್ಕೂ ತೂಕದ ಚೀಟಿ ಸಿಗುತ್ತದೆ. ಆ ಚೀಟಿಯನ್ನು ಸದ್ಯ ಹಣ ಎಣಿಸುವುದಕ್ಕಷ್ಟೇ ನೋಡಲಾಗುತ್ತಿದೆ.