ಟ್ಯಾಂಜನೈಟ್: ನೀಲವಲ್ಲದ ನೀಲಿ ಹರಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರಿನಂತಹ ಪೇಟೆಗಳಲ್ಲಿ ಹರಳಿನ ವ್ಯಾಪಾರವು ಬಹುಮಟ್ಟಿಗೆ ನಂಬಿಕೆಯನ್ನೇ ಅವಲಂಬಿಸಿದೆ. ನೀಲದ ಉಂಗುರ ಬಯಸಿ ಬರುವ ಗ್ರಾಹಕನಿಗೆ ಕಾಣುವುದು ಬಣ್ಣ ಮಾತ್ರ. ಆ ಬಣ್ಣದ ಹಿಂದಿರುವ ಖನಿಜ ಯಾವುದೆಂದು ತಿಳಿದಿರಬೇಕಾದವನು ವರ್ತಕ. ನೀಲಿಯಾಗಿ ಹೊಳೆಯುವುದೆಲ್ಲ ನೀಲವಲ್ಲ ಎಂಬುದಕ್ಕೆ ಟ್ಯಾಂಜನೈಟ್ ಉತ್ತಮ ನಿದರ್ಶನ.

ಇದು ಜೋಯಿಸೈಟ್ ಎಂಬ ಖನಿಜದ ನೀಲಿ ಬಗೆ. ಕ್ಯಾಲ್ಸಿಯಂ ಮತ್ತು ಅಲ್ಯುಮಿನಿಯಂಗಳ ಸಿಲಿಕೇಟ್. ಟಾಂಜಾನಿಯಾದ ಮೆರೆಲಾನಿ ಬೆಟ್ಟಗಳಲ್ಲಿ 1967ರಲ್ಲಿ ಬೆಳಕಿಗೆ ಬಂದಿತು. ಗೋವಾ ಮೂಲದ ದರ್ಜಿ ಮ್ಯಾನುಯೆಲ್ ಡಿ'ಸೋಜಾ ಇದರ ಶೋಧಕರಲ್ಲಿ ಪ್ರಮುಖರು. 1968ರಲ್ಲಿ ಟಿಫಾನಿ ಸಂಸ್ಥೆಯು ಇದಕ್ಕೆ ಈಗಿನ ಹೆಸರನ್ನಿತ್ತು ಮಾರುಕಟ್ಟೆಗೆ ತಂದಿತು. 2020ರ ಜೂನ್‌ನಲ್ಲಿ ಸನಿನಿಯು ಲೈಜರ್ ಎಂಬ ಗಣಿಗಾರ 9.27 ಮತ್ತು 5.1 ಕಿಲೋಗ್ರಾಂ ತೂಕದ ಎರಡು ಕಲ್ಲುಗಳನ್ನು ಅಲ್ಲಿನ ಸರ್ಕಾರಕ್ಕೆ ಮಾರಿ ಸುಮಾರು 34 ಲಕ್ಷ ಡಾಲರ್ ಪಡೆದನು.

ಈ ನೀಲಿಗೆ ಮುಖ್ಯ ಕಾರಣ ಅತ್ಯಲ್ಪ ಪ್ರಮಾಣದ ವನೇಡಿಯಂ. ಚನ್ನಗಿರಿ ತಾಲ್ಲೂಕಿನ ತಾವರೆಕೆರೆ, ಉಬ್ರಾಣಿ ಭಾಗದ ಟೈಟಾನಿಯಂಯುಕ್ತ ಮ್ಯಾಗ್ನೆಟೈಟ್ ಅದಿರಿನಲ್ಲಿಯೂ ವನೇಡಿಯಂ ಇದೆ. ಆದರೆ ಮೂಲವಸ್ತುವೊಂದು ಇದ್ದ ಮಾತ್ರಕ್ಕೆ ರತ್ನ ಹುಟ್ಟದು. ತಕ್ಕ ಶಿಲೆ, ಶಾಖ ಮತ್ತು ಒತ್ತಡಗಳು ಒಂದೆಡೆ ಕೂಡಿಬರಬೇಕು. ವಾಣಿಜ್ಯ ಪ್ರಮಾಣದ ಟ್ಯಾಂಜನೈಟ್ ದೊರೆಯುವುದು ಮೆರೆಲಾನಿಯಲ್ಲಿ ಮಾತ್ರ. "ಇಲ್ಲಿಯದೇ ಕಲ್ಲು" ಎಂಬ ಮಾತಿಗೆ ಯಾರೂ ಹಣ ತೊಡಗಿಸಬಾರದು.

ಪರೀಕ್ಷೆಯ ಮೊದಲ ಹೆಜ್ಜೆ ಅಂಗಡಿಯ ತಕ್ಕಡಿಯಿಂದಲೇ ಸಾಧ್ಯ. ಬಿಡಿ ಹರಳನ್ನು ಗಾಳಿಯಲ್ಲಿಯೂ ಬಳಿಕ ನೀರಿನಲ್ಲಿ ಮುಳುಗಿಸಿಯೂ ತೂಗಿ, ಗಾಳಿಯ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಬೇಕು. 6.70 ಕ್ಯಾರೆಟ್ ಹರಳು ನೀರಿನಲ್ಲಿ 4.70 ತೂಗಿದರೆ ಸಾಂದ್ರತೆ 3.35, ಇದು ಟ್ಯಾಂಜನೈಟಿನದು. ನೀಲದ್ದು ಸುಮಾರು 4.00, ಅಯೋಲೈಟಿನದು ಸುಮಾರು 2.60. ಕೃತಕ ಫಾರ್ಸ್ಟರೈಟ್ ಈ ಲೆಕ್ಕದಲ್ಲಿ ಟ್ಯಾಂಜನೈಟಿಗೆ ಸಮೀಪ ಬರುತ್ತದೆ. ಅದನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ಹಿಂಬದಿಯ ಅಂಚುಗಳು ಜೋಡಿಯಾಗಿ ಕಾಣುವುವು. ಸಂದೇಹ ಉಳಿದರೆ ರತ್ನ ಪರೀಕ್ಷಾಲಯವೇ ಗತಿ.

ಅಕ್ಕಸಾಲಿಗರು ಅರಿಯಬೇಕಾದ ಗುಣಗಳೂ ಇವೆ. ಮೋಸ್ ಮಾನದಲ್ಲಿ ಇದರ ಕಾಠಿಣ್ಯ 6ರಿಂದ 7, ನೀಲದ್ದು 9. ಒಂದು ದಿಕ್ಕಿನಲ್ಲಿ ಸುಲಭವಾಗಿ ಸೀಳುತ್ತದೆ. ಆದ್ದರಿಂದ ನಿತ್ಯ ಧರಿಸುವ ಉಂಗುರಕ್ಕಿಂತ ಓಲೆ, ಪದಕಗಳಿಗೆ ಹೆಚ್ಚು ಸೂಕ್ತ. ಬೆಸುಗೆಯ ಜ್ವಾಲೆ ತಾಗಬಾರದು. ಅಲ್ಟ್ರಾಸಾನಿಕ್ ಯಂತ್ರದಲ್ಲಿಯೂ ತೊಳೆಯಬಾರದು. ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರು ಸಾಕು.

ಮಾರುಕಟ್ಟೆಯ ಟ್ಯಾಂಜನೈಟಿನ ಬಹುಪಾಲು ಗಣಿಯಿಂದ ಕಂದು ಛಾಯೆಯಲ್ಲಿ ಬಂದು, ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀಲಿಗೆ ತಿರುಗಿದ್ದು. ಇದು ಒಪ್ಪಿತ ಪದ್ಧತಿ, ಬಣ್ಣವೂ ಸ್ಥಿರ. ಮುಚ್ಚಿಡುವುದಷ್ಟೇ ತಪ್ಪು.

ಹಾಲ್‌ಮಾರ್ಕ್ ಚಿನ್ನದ ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಹರಳಿನ ಕುಲವನ್ನಲ್ಲ. 2020ರಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸರಕಿನ ಸುಳ್ಳು ವಿವರಣೆ ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ಬಿಲ್ಲಿನಲ್ಲಿ "ನೀಲಿ ಹರಳು" ಎಂದಷ್ಟೇ ಬರೆಯದೆ, "ಟ್ಯಾಂಜನೈಟ್, ಶಾಖ ಸಂಸ್ಕರಿತ" ಎಂದು ಕ್ಯಾರೆಟ್ ಸಹಿತ ನಮೂದಿಸುವುದು ಗ್ರಾಹಕನಿಗೂ ವರ್ತಕನಿಗೂ ರಕ್ಷೆ. ಸಣ್ಣ ಪೇಟೆಯಲ್ಲಿ ಒಮ್ಮೆ ಹೋದ ಹೆಸರು ಮರಳಿ ಬರುವುದು ಕಷ್ಟ.